ಪಾರ್ಟು ಬರ್ಲಿಕ್ಕೆ ಉಂಟು

ನರಿಕೊಂಬು, ಬಂಟ್ವಾಳ
ಜೂನ್ ತಿಂಗಳ ಮೂರನೇ ಶುಕ್ರವಾರ

ನಾರಾವಿಯ ಅನಂತಮತಿ ಅಮ್ಮನವರಿಗೆ, ಮೆಕ್ಯಾನಿಕ್ ಅಬ್ದುಲ್ ಹಕೀಮರ ಮಗ ಇಮ್ತಿಯಾಝ್ ಕೈಮುಗಿದು ಬರೆಯುವುದು.

ಅಮ್ಮಾ,

ಈ ಪತ್ರದ ಜೊತೆ ನಿಮ್ಮ ಪುಸ್ತಕವೂ ಇದೆ. ಮೊದಲು ಅದನ್ನು ಬಿಚ್ಚಿ ನೋಡಿಕೊಳ್ಳಿ, ಒಂದು ಪುಟವೂ ಕಡಿಮೆಯಾಗಿಲ್ಲ. ಮೂರು ವಾರ ನಮ್ಮ ಮನೆಯಲ್ಲಿತ್ತು. ಗ್ಯಾರೇಜಿಗೆ ಒಂದು ದಿನವೂ ಒಯ್ಯಲಿಲ್ಲ. ಬೇಕಾದ ಪುಟಗಳನ್ನು ಜೆರಾಕ್ಸ್ ಮಾಡಿಸಿಕೊಂಡಿದ್ದೇನೆ, ಎಣ್ಣೆ ಹತ್ತುವುದಿದ್ದರೆ ಅದಕ್ಕೆ ಹತ್ತಲಿ. ನಾಳೆ ನಿಮ್ಮ ಮಗ ಪ್ರಭಾಚಂದ್ರಣ್ಣ ಬಿ.ಸಿ. ರೋಡಿಗೆ ಬರುವವರಿದ್ದಾರೆ, ಅವರ ಕೈಯಲ್ಲಿ ಕೊಟ್ಟು ಕಳಿಸುತ್ತೇನೆ.

ನಾನೇ ಬಂದು ಕೊಡಬಹುದಿತ್ತು, ಬರಲಿಲ್ಲ. ಕಾರಣ ನೀವು ಕೇಳಿದ ಆ ಪ್ರಶ್ನೆ. ಆ ದಿನ ಟ್ರ್ಯಾಕ್ಟರ್ ಸ್ಟಾರ್ಟ್ ಆಗಿ ನಾವೆಲ್ಲ ಅದರ ಸದ್ದು ಕೇಳುತ್ತ ನಿಂತಿದ್ದಾಗ, ನೀವು ನನ್ನ ಪಕ್ಕಕ್ಕೆ ಬಂದು ಕೇಳಿದಿರಿ: “ಆ ಬೆರಳಿನ ವಿಷಯದಲ್ಲಿ ಹಕೀಮನಿಗೆ ನನ್ನ ಮೇಲೆ ಬೇಸರ ಉಂಟಾ?” ನಾನು ಒಂದು ಕ್ಷಣವೂ ಯೋಚಿಸದೆ “ಇಲ್ಲ ಅಮ್ಮ, ಎಂಥ ಬೇಸರ” ಎಂದುಬಿಟ್ಟೆ. ಗಿರಾಕಿಗಳಿಗೆ ಸಮಾಧಾನ ಹೇಳಿ ಹೇಳಿ ಪಳಗಿದ ನಾಲಿಗೆ ಇದು. ನೀವು ನಂಬಲಿಲ್ಲ ಎಂಬುದು ನಿಮ್ಮ ಮುಖ ನೋಡಿದಾಗಲೇ ಗೊತ್ತಾಯಿತು. ನಿಜ ಏನೆಂದರೆ ನನಗೆ ಉತ್ತರ ಗೊತ್ತಿರಲಿಲ್ಲ. ಎರಡು ವರ್ಷದ ಹಿಂದೆ ಲಕ್ವ ಹೊಡೆದ ಮೇಲೆ ಅಪ್ಪನಿಗೆ ಬಲಗೈಯ ಸ್ವಾಧೀನ ಇಲ್ಲ, ಮಾತೂ ಇಲ್ಲ. ಯಾರ ಮೇಲೆ ಬೇಸರ, ಯಾರ ಮೇಲೆ ಪ್ರೀತಿ ಎಂದು ಅವರು ಹೇಳುವುದು ಹೇಗೆ, ನಾನು ಕೇಳುವುದು ಹೇಗೆ?

ಈಗ ಉತ್ತರ ಸಿಕ್ಕಿದೆ. ಎದುರಿಗೆ ಹೇಳಲು ಹೋದರೆ ನನ್ನ ಮಾತು ಎಲ್ಲಿಂದ ಎಲ್ಲಿಗೋ ಹೋಗುತ್ತದೆ, ನಿಮಗೂ ಈಚೆಗೆ ಕಿವಿ ಸ್ವಲ್ಪ ಮಂದ. ಅದಕ್ಕೇ ಬರೆಯುತ್ತಿದ್ದೇನೆ. ಆದರೆ ಉತ್ತರ ಕೊಡುವ ಮೊದಲು ನನ್ನ ಸುಳ್ಳುಗಳನ್ನೆಲ್ಲ ಒಪ್ಪಿಸಬೇಕು. ಇಲ್ಲದಿದ್ದರೆ ಈ ಉತ್ತರವನ್ನೂ ನೀವು ಅದೇ ಸಾಲಿಗೆ ಸೇರಿಸಿಬಿಡುತ್ತೀರಿ.

ಬಿಸು ಹಬ್ಬ ಕಳೆದ ಮರುವಾರ ಪ್ರಭಾಚಂದ್ರಣ್ಣ ಫೋನ್ ಮಾಡಿ, ಕೆಂಪು ಟ್ರ್ಯಾಕ್ಟರಿನ ಮುಂಭಾಗದಲ್ಲಿ ಎಣ್ಣೆ ಸೋರುತ್ತಿದೆ, ಒಳಗೆ ಗರಗರ ಸದ್ದೂ ಇದೆ, ಒಮ್ಮೆ ಬಂದು ನೋಡು ಎಂದರು. ನಿಮ್ಮ ಮನೆಯ ಧಣಿಗಳು ಅದನ್ನು ತಂದದ್ದು ನಾನು ಹುಟ್ಟುವುದಕ್ಕೆ ಎಷ್ಟೋ ವರ್ಷ ಮೊದಲು. ಮಾಡಿದ ಕಂಪೆನಿ ಬಾಗಿಲು ಹಾಕಿ ಕಾಲವಾಯಿತು. ಆದರೂ ನಮ್ಮ ಮನೆಯಲ್ಲಿ ಅದಕ್ಕೆ ಹೆಸರು ‘ಅಪ್ಪನ ಟ್ರ್ಯಾಕ್ಟರ್’ ಎಂದೇ, ಏಕೆಂದರೆ ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಅಪ್ಪನ ಹೊರತು ಬೇರೆ ಯಾರೂ ಅದಕ್ಕೆ ಸ್ಪ್ಯಾನರ್ ಹಾಕಿದ್ದಿಲ್ಲ. ನಾನು ಬಂದವನೇ ಒಂದು ವಾರದ ಕೆಲಸ ಎಂದು ಜಂಬದಿಂದ ಹೇಳಿ ಮುಂದಿನ ಮುಚ್ಚಳ ಬಿಚ್ಚಿದೆ. ಒಳಗೆ ಹಲ್ಲಿಗೆ ಹಲ್ಲು ಕೂಡಿಕೊಂಡ ಮೂರು ಗೇರು. ನಡುವಿನದರ ಬುಷ್ ಸವೆದಿತ್ತು. ಮೂರನ್ನೂ ಹೊರಗೆ ತೆಗೆದು ಡೀಸೆಲಿನಲ್ಲಿ ತೊಳೆದಿಟ್ಟೆ, ಬುಷ್ ಹೊಸದನ್ನು ಲೇತಿನಲ್ಲಿ ಮಾಡಿಸಿದೆ.

ತೆಗೆಯುವ ಮೊದಲು ಗುರುತು ಹಾಕಿಕೊಳ್ಳಬೇಕೆಂಬುದು ನಮ್ಮ ಕಸುಬಿನ ಅಆಇಈ. ನಾನು ಹಾಕಿಕೊಳ್ಳಲಿಲ್ಲ. ಗೇರಿನ ಮೇಲೆ ಕಂಪೆನಿಯವರೇ ಚುಕ್ಕೆ ಹೊಡೆದಿರುತ್ತಾರೆ, ಚುಕ್ಕೆಗೆ ಚುಕ್ಕೆ ಎದುರಾಗಿ ಕೂರಿಸಿದರೆ ಮುಗಿಯಿತು ಎಂಬ ಧೈರ್ಯ. ತೊಳೆದು ನೋಡಿದರೆ ಒಂದೊಂದು ಗೇರಿನ ಮೇಲೂ ಎರಡೆರಡು ಚುಕ್ಕೆ. ಯಾವುದಕ್ಕೆ ಯಾವುದು ಜೋಡಿ? ತಪ್ಪು ಜೋಡಿ ಮಾಡಿ ಸ್ಟಾರ್ಟ್ ಮಾಡಿದರೆ ಒಳಗೆ ವಾಲ್ವು ಪಿಸ್ಟನ್ನಿಗೆ ಬಡಿದು ಎಂಜಿನ್ನೇ ಹೋಗುತ್ತದೆ. ಆ ಎಂಜಿನ್ನಿಗೆ ಬೇರೆ ವಾಲ್ವು ಈ ಜಿಲ್ಲೆಯಲ್ಲಿ ಹುಡುಕಿದರೂ ಸಿಗಲಿಕ್ಕಿಲ್ಲ.

ಅಪ್ಪನಿಗಾದರೆ ಕಣ್ಣು ಮುಚ್ಚಿದರೂ ಅದು ಗೊತ್ತಿತ್ತು. ಆ ಸಂಜೆ ಗೇರುಗಳ ಫೋಟೋ ತೆಗೆದುಕೊಂಡು ಹೋಗಿ ಅವರ ಹಾಸಿಗೆಯ ಪಕ್ಕ ಹಿಡಿದೆ. ನೋಡಿದರು. ಎಡಗೈ ಎತ್ತಿ ಫೋನಿನ ಮೇಲೆ ಬೆರಳಿಟ್ಟರು. ಬೆರಳು ತಾಗಿದ್ದೇ ತಡ, ಫೋಟೋ ಸರಿದು ನಮ್ಮ ಮಗಳ ಶಾಲೆಯ ಡ್ಯಾನ್ಸ್ ಬಂತು. ಮತ್ತೆ ಹಿಂದಕ್ಕೆ ತಂದು ತೋರಿಸುವಷ್ಟರಲ್ಲಿ ಅವರ ಕಣ್ಣಲ್ಲಿ ನೀರು ತುಂಬಿತ್ತು. ಆಮೇಲೆ ನಾನು ಆ ವಿಷಯ ಎತ್ತಲಿಲ್ಲ.

ಇಲ್ಲಿ ಅಪ್ಪನ ಒಂದು ವಿಚಿತ್ರ ಹೇಳಬೇಕು. ನಮ್ಮ ಮನೆಯ ಮಾತು ಬ್ಯಾರಿ, ಗ್ಯಾರೇಜಿಗೆ ಬಂದವರೊಡನೆ ತುಳು. ಆದರೆ ಎಂಜಿನ್ ಬಿಚ್ಚಿದ ಕೂಡಲೇ ಅಪ್ಪನ ಬಾಯಿಂದ ಕನ್ನಡ ಹೊರಡುತ್ತಿತ್ತು, ಅದೂ ಪುಸ್ತಕದ ಕನ್ನಡ. “ಮೊದಲನೆಯದಾಗಿ ಎಣ್ಣೆಯನ್ನು ಪೂರ್ಣವಾಗಿ ಹೊರಬಿಡತಕ್ಕದ್ದು” ಎಂದು ಅವರು ಗ್ರೀಸ್ ಮೆತ್ತಿದ ಬನಿಯನ್ನಿನಲ್ಲಿ ನಿಂತು ಹೇಳಿದರೆ ಬಂದವರು ಮುಖಮುಖ ನೋಡುತ್ತಿದ್ದರು. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವರಿಗೆ ಈ ಭಾಷೆ ಎಲ್ಲಿಂದ ಬಂತೆಂದು ನಾನೂ ತಲೆ ಕೆಡಿಸಿಕೊಂಡವನಲ್ಲ. ಹಾಗೆಯೇ, ನನಗೆ ಕೆಲಸ ಕಲಿಸುವಾಗ ಯಾವುದೇ ಗೇರು ತಿರುಗಿಸುವ ಮೊದಲು ಅವರಿಂದ ಮೂರು ಮಾತು ಬರುತ್ತಿತ್ತು: “ನಿಲ್ಲು. ಕೈ ಹೊರಗೆ. ಬೆರಳು ಎಣಿಸಿಕೋ.” ನಾನು ಒಂದರಿಂದ ಹತ್ತರ ತನಕ ದೊಡ್ಡದಾಗಿ ಎಣಿಸಬೇಕು, ಆಮೇಲೆಯೇ ಹ್ಯಾಂಡಲ್ ತಿರುಗುವುದು. ದಾಡಿ ಬಂದ ಮೇಲೂ ಎಣಿಸಬೇಕಿತ್ತು. ಗಿರಾಕಿಗಳ ಎದುರು ನಾಚಿಕೆಯಾಗುತ್ತಿತ್ತು. ಅಪ್ಪನ ಎಡಗೈಯ ಉಂಗುರದ ಬೆರಳು ಅರ್ಧ ಇರಲಿಲ್ಲ. ಹೇಗೆ ಹೋಯಿತೆಂದು ಕೇಳಿದರೆ “ಟ್ರ್ಯಾಕ್ಟರ್ ತಿಂದದ್ದು” ಎಂದು ನಗುತ್ತಿದ್ದರು, ಮುಂದೆ ಒಂದಕ್ಷರ ಇಲ್ಲ.

ಇನ್ನು ಸುಳ್ಳಿನ ಕಥೆ. ನಾನು ನಿಮ್ಮಲ್ಲಿಗೆ ಬಂದು ಹೇಳಬೇಕಾದದ್ದು ‘ನನಗೆ ಗೊತ್ತಿಲ್ಲ’ ಎಂಬ ಎರಡೇ ಶಬ್ದ. ಅದು ಬಾಯಿಗೆ ಬರಲಿಲ್ಲ. ಹಕೀಮರ ಮಗ ಹಕೀಮರ ಟ್ರ್ಯಾಕ್ಟರ್ ಬಿಚ್ಚಿ ಮುಚ್ಚಲಾರದೆ ಕುಳಿತಿದ್ದಾನೆ ಎಂದು ನಾರಾವಿಯಿಂದ ಬಂಟ್ವಾಳದ ತನಕ ಸುದ್ದಿಯಾದರೆ ಅಪ್ಪನ ಹೆಸರಿಗೇ ಮಸಿ ಎಂದುಕೊಂಡೆ. ಆದ್ದರಿಂದ ಲೋಕದ ಎಲ್ಲ ಮೆಕ್ಯಾನಿಕ್‌ಗಳು ಹೇಳುವ ಮಾತನ್ನು ನಾನೂ ಹೇಳಿದೆ: “ಪಾರ್ಟು ಬರ್ಲಿಕ್ಕೆ ಉಂಟು.” ಎಲ್ಲಿಂದ ಎಂದು ಪ್ರಭಾಚಂದ್ರಣ್ಣ ಕೇಳಿದಾಗ ಕೊಯಮತ್ತೂರು ಅಂದೆ. ಮರುವಾರ ಲಾರಿ ಕೆಟ್ಟಿದೆ ಅಂದೆ. ಅದರ ಮರುವಾರ ಪಾರ್ಟು ಬಂದಿದೆ, ಆದರೆ ಸೈಜು ಬೇರೆ ಅಂದೆ. ಇಲ್ಲದ ಪಾರ್ಟಿಗೆ ಸೈಜನ್ನೂ ಹುಟ್ಟಿಸಿದವನು ನಾನು. ನೀವು ಪ್ರತಿ ಸಲ ಮಜ್ಜಿಗೆ ತಂದುಕೊಟ್ಟು, ನನ್ನ ಮುಖವನ್ನೊಮ್ಮೆ ನೋಡಿ, ಏನೋ ಹೇಳಲು ಹೊರಟವರು ಹೇಳದೆ ಒಳಗೆ ಹೋಗುತ್ತಿದ್ದಿರಿ.

ಬೇಕಾದದ್ದು ಪಾರ್ಟಲ್ಲ, ಪುಸ್ತಕ. ಆ ಟ್ರ್ಯಾಕ್ಟರಿನ ರಿಪೇರಿ ಮ್ಯಾನುವಲ್. ಮಂಗಳೂರಿನ ಅಂಗಡಿಗಳಲ್ಲಿ ಕೇಳಿದೆ. ಒಬ್ಬರು ಟ್ರ್ಯಾಕ್ಟರಿನ ಹೆಸರು ಕೇಳಿ, ಅದನ್ನು ಮ್ಯೂಸಿಯಮ್ಮಿಗೆ ಕೊಡಿ ಎಂದರು. ಮತ್ತೆ ಇಂಟರ್ನೆಟ್ಟಿನಲ್ಲಿ ಹುಡುಕಿ, ಹೆಸರು ಸರಿಯಾಗಿದ್ದ ಒಂದನ್ನು ಇಳಿಸಿಕೊಂಡೆ. ಮುನ್ನೂರ ಹನ್ನೆರಡು ಪುಟ. ಪ್ರಿಂಟ್ ಹಾಕಿಸಲು ಮೂಡುಬಿದಿರೆಯ ಬಸ್‌ಸ್ಟ್ಯಾಂಡಿನ ಹತ್ತಿರದ ಜೆರಾಕ್ಸ್ ಅಂಗಡಿಗೆ ಹೋದರೆ ಅಲ್ಲಿ ಕಾಲೇಜು ಮಕ್ಕಳ ಪ್ರಾಜೆಕ್ಟಿನ ಸಾಲು. ಸಾಲಿನಲ್ಲಿ ನಿಂತಿದ್ದ ನನ್ನನ್ನು ಅಂಗಡಿಯ ಹುಡುಗಿ “ಸರ್, ನಿಮ್ಮದು ಯಾವ ಕಾಲೇಜು?” ಎಂದು ಕೇಳಿದಳು. ಗಡ್ಡ ಅರ್ಧ ನರೆತವನಿಗೆ ಆ ಪ್ರಶ್ನೆ ಕೇಳಿ ಖುಷಿಯೇ ಆಯಿತೆನ್ನಿ. ಮನೆಗೆ ಬಂದು ಬಿಡಿಸಿದರೆ ಅದು ನಾಲ್ಕು ಸಿಲಿಂಡರಿನದು. ನಿಮ್ಮದು ಮೂರರದ್ದು. ಆ ಮುನ್ನೂರ ಹನ್ನೆರಡು ಪುಟಗಳ ಹಿಂಭಾಗದಲ್ಲಿ ನನ್ನ ಮಗಳು ಈಗ ಲೆಕ್ಕ ಮಾಡುತ್ತಿದ್ದಾಳೆ.

ಅಷ್ಟರಲ್ಲಿ ಮಳೆ ಬೇಗ ಬಂತು. ಬಸದಿಗೆ ಅಕ್ಕಿ ಹೋಗುವ ಗದ್ದೆ ನೀರು ನಿಂತು ಉಳುಮೆಗೆ ಕಾಯುತ್ತಿತ್ತು. ಪ್ರಭಾಚಂದ್ರಣ್ಣ ನನ್ನ ಮೇಲೆ ಒಂದು ಮಾತೂ ಏರಿಸದೆ, ಈ ಸಲ ಬಾಡಿಗೆಗೆ ಟಿಲ್ಲರ್ ತರಿಸುವ, ಇದನ್ನು ಕೊಟ್ಟುಬಿಡುವ ಎಂದು ಹೇಳಿದರು. ಬೆಳ್ತಂಗಡಿಯಿಂದ ಗುಜರಿಯವರು ಸೋಮವಾರ ಬರುವುದೆಂದು ಗೊತ್ತಾಯಿತು. ಅವರ ತಪ್ಪೇನೂ ಇಲ್ಲ. ಐದು ವಾರ ನನ್ನನ್ನು ಸಹಿಸಿಕೊಂಡದ್ದೇ ಹೆಚ್ಚು. ಆದರೆ ನನಗೆ ಆ ದಿನ ರಾಶಿ ಬಿದ್ದ ಕಬ್ಬಿಣ ಕಣ್ಣಿಗೆ ಕಟ್ಟಿತು, ಅಪ್ಪನಿಗೆ ಏನೆಂದು ಹೇಳುವುದೆಂದು ತೋಚಲಿಲ್ಲ.

ಮೂಡುಬಿದಿರೆಯಲ್ಲಿ ರುಕ್ಮಯ್ಯ ಎಂಬ ಹಿರಿಯರಿದ್ದಾರೆ. ಯಂತ್ರದ ಕೆಲಸ ಕಲಿಸುವ ಮೇಷ್ಟ್ರಾಗಿದ್ದು ನಿವೃತ್ತರಾದವರು. ಅವರ ಹತ್ತಿರ ಎರಡು ಟ್ರಂಕು ತುಂಬ ಹಳೆಯ ಮ್ಯಾನುವಲ್ ಇದೆ ಎಂದು ಯಾರೋ ಹೇಳಿದ್ದು ಕೇಳಿ ಹೋದೆ. ಟ್ರಂಕಿನ ತಳದಿಂದ ಅದೇ ಟ್ರ್ಯಾಕ್ಟರಿನದೇ, ಮೂರು ಸಿಲಿಂಡರಿನದೇ ಪುಸ್ತಕ ತೆಗೆದುಕೊಟ್ಟರು. ನಾನು ಅವರ ಕಾಲು ಹಿಡಿಯುವುದೊಂದು ಬಾಕಿ. ಗುರುವಾರ ನಾರಾವಿಗೆ ಬಂದು ಅದರಲ್ಲಿದ್ದ ಹಾಗೆಯೇ ಹೊರಗಿನ ಚುಕ್ಕೆಗೆ ಹೊರಗಿನ ಚುಕ್ಕೆ ಕೂಡಿಸಿ ಗೇರು ಕೂರಿಸಿದೆ. ಸ್ಟಾರ್ಟ್ ಮಾಡುವ ಮೊದಲು ಕೈಯಲ್ಲಿ ಎರಡು ಸುತ್ತು ತಿರುಗಿಸದೆ ಬಿಡಬಾರದೆಂಬುದು ಅಪ್ಪನ ಇನ್ನೊಂದು ಹಟ. ತಿರುಗಿಸಿದೆ. ಮುಕ್ಕಾಲು ಸುತ್ತಿಗೆ ಒಳಗೆ ಟಕ್ ಎಂದು ಏನೋ ತಾಗಿ ಹ್ಯಾಂಡಲ್ ನಿಂತಿತು. ಅದು ವಾಲ್ವು. ಆ ಹಟ ಇಲ್ಲದೆ ಇದ್ದಿದ್ದರೆ ಅಂದೇ ಎಲ್ಲ ಮುಗಿಯುತ್ತಿತ್ತು.

ಇಂಗು ತಿಂದ ಮಂಗನ ಮುಖ ಹೊತ್ತು ಪುನಃ ರುಕ್ಮಯ್ಯನವರಲ್ಲಿಗೆ ಹೋದೆ. ಎಂಜಿನ್ ನಂಬರ್ ಎಷ್ಟು ಎಂದು ಕೇಳಿದರು. ನೋಡಿರಲಿಲ್ಲ. ನಂಬರಿನ ಮೇಲೆ ಮೂರು ಸಲ ಪೈಂಟ್ ಬಿದ್ದಿತ್ತು. ಪ್ರಭಾಚಂದ್ರಣ್ಣನಿಗೆ ಫೋನ್ ಮಾಡಿ, ಕೆರೆದು ನೋಡಿ ಹೇಳಿ ಎಂದೆ. ನಂಬರ್ ಕೇಳಿದವರೇ ರುಕ್ಮಯ್ಯನವರು ಕನ್ನಡಕ ತೆಗೆದಿಟ್ಟರು. ಮಧ್ಯದಲ್ಲಿ ಕಂಪೆನಿ ಎಂಜಿನ್ ಬದಲಾಯಿಸಿದೆ, ಗೇರು ಅದೇ ಉಳಿಸಿ ಎರಡನೇ ಚುಕ್ಕೆ ಹೊಡೆದಿದೆ, ತಮ್ಮಲ್ಲಿರುವ ಪುಸ್ತಕ ಬದಲಾದ ಮೇಲಿನದು, ನಿಮ್ಮ ಟ್ರ್ಯಾಕ್ಟರ್ ಬದಲಾಗುವ ಮೊದಲಿನ ಕೊನೆಯ ಕೆಲವುಗಳಲ್ಲಿ ಒಂದು, ಅದಕ್ಕೆ ಎರಡು ಚುಕ್ಕೆಯ ಗೇರು ಆಗಲೇ ಬಿದ್ದಿದೆ ಎಂದು ವಿವರಿಸಿದರು.

“ಪುಸ್ತಕ ತಪ್ಪಲ್ಲ ಮಾರಾಯ, ನಿನ್ನ ಟ್ರ್ಯಾಕ್ಟರಿನದ್ದಲ್ಲ ಅಷ್ಟೇ. ಆಗೆಲ್ಲ ಒಂದೊಂದು ಟ್ರ್ಯಾಕ್ಟರಿನ ಜೊತೆ ಒಂದೊಂದು ಪುಸ್ತಕ ಕೊಡ್ತಿದ್ರು. ಆ ಮನೆಯಲ್ಲಿ ಕೇಳಿದ್ದೀಯಾ?”

ಕೇಳಿರಲಿಲ್ಲ ಅಮ್ಮ. ಐದು ವಾರ, ಮಂಗಳೂರು, ಮೂಡುಬಿದಿರೆ, ಇಂಟರ್ನೆಟ್ಟು ಎಲ್ಲ ಸುತ್ತಿ, ಟ್ರ್ಯಾಕ್ಟರ್ ನಿಂತ ಕೊಟ್ಟಿಗೆಯಿಂದ ಐವತ್ತು ಹೆಜ್ಜೆ ದೂರದ ಚಾವಡಿಗೆ ಬಂದು ಕೇಳಿರಲಿಲ್ಲ. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರಂತೆ ಎಂಬ ಗಾದೆ ನನ್ನನ್ನು ನೋಡಿಯೇ ಕಟ್ಟಿದ್ದಿರಬೇಕು. ಕೇಳಿದರೆ ಪಾರ್ಟಿನ ಸುಳ್ಳು ಬಯಲಾಗುತ್ತಿತ್ತು, ಅದೇ ಕಾರಣ.

ಶನಿವಾರ ಬೆಳಿಗ್ಗೆ ಹೊರಟು ಬಂದೆ. ಆ ದಿನ ಶ್ರುತಪಂಚಮಿ, ನೀವು ಜೈನರು ಶಾಸ್ತ್ರಗ್ರಂಥಗಳನ್ನು ಪೂಜಿಸುವ ದಿನ ಎಂದು ನನಗೇನು ಗೊತ್ತು? ಹೊರಗೆ ಮಳೆ ಇದ್ದದ್ದರಿಂದ ನೀವು ಚಾವಡಿಯಲ್ಲೇ ಚಾಪೆ ಹಾಸಿ, ಶಾಸ್ತ್ರದ ಗಂಟುಗಳನ್ನೆಲ್ಲ ಬಿಚ್ಚಿ, ಧೂಳು ಕೊಡವಿ, ಒಂದೊಂದಕ್ಕೂ ಹೊಸ ಬಟ್ಟೆ ಸುತ್ತುತ್ತಿದ್ದಿರಿ. ಲವಂಗದ್ದೂ ಬಜೆಯದ್ದೂ ಪರಿಮಳ ಅಂಗಳದ ತನಕ ಬರುತ್ತಿತ್ತು. ಇಂಥ ಹೊತ್ತಿನಲ್ಲಿ ಟ್ರ್ಯಾಕ್ಟರಿನ ಮಾತು ಬೇಡವೆಂದು ಹಿಂದೆ ಸರಿದವನನ್ನು ನೀವೇ ಕರೆದು, ಪಾರ್ಟು ಬಂತೇ ಎಂದು ಕೇಳಿದಿರಿ. ಮೆಟ್ಟಿಲ ಕೆಳಗೆ ನಿಂತು, ಚಪ್ಪಲಿ ನೋಡುತ್ತ, ಎಲ್ಲವನ್ನೂ ಹೇಳಿದೆ. ಪಾರ್ಟಿಲ್ಲ, ಕೊಯಮತ್ತೂರಿಲ್ಲ, ನನಗೆ ಗೊತ್ತಿಲ್ಲ, ಪುಸ್ತಕ ಬೇಕು. ಬೈಗುಳಕ್ಕೆ ತಯಾರಾಗಿಯೇ ಬಂದಿದ್ದೆ. ನೀವು ಸೆರಗು ಬಾಯಿಗೆ ಹಿಡಿದುಕೊಂಡು ನಕ್ಕಿರಿ.

“ನಿನ್ನ ಅಪ್ಪನೂ ಹಾಗೇ ಹೇಳ್ತಿದ್ದ. ಧಣಿಗಳ ಎದುರು ಗೊತ್ತಿಲ್ಲ ಅನ್ಲಿಕ್ಕೆ ನಾಚಿಕೆ. ‘ಪಾರ್ಟು ಬರ್ಲಿಕ್ಕೆ ಉಂಟು’ ಅಂದ ಅಂದ್ರೆ ನಾನು ಒಳಗಿಂದ ಪುಸ್ತಕ ತರ್ತಿದ್ದೆ. ನೀನು ಅಂದಾಗಲೂ ತರುವ ಅಂತ ಕಂಡಿತು. ಹಕೀಮನ ಮಗನಿಗೆ ಪುಸ್ತಕ ತೋರಿಸಿದ್ರೆ ಎಲ್ಲಿ ಬೇಸರ ಆಗ್ತದೋ ಅಂತ ಬಿಟ್ಟೆ.”

ನೋಡಿ, ನಿಮ್ಮ ಮರ್ಯಾದೆಗೆ ನಾನು ಹೆದರಿದೆ, ನನ್ನ ಮರ್ಯಾದೆಗೆ ನೀವು ಹೆದರಿದಿರಿ, ನಡುವೆ ಐದು ವಾರ ಟ್ರ್ಯಾಕ್ಟರ್ ಬಾಯಿ ತೆರೆದು ಕೂತಿತು. ಅಷ್ಟು ಹೇಳಿ ನೀವು ಚಾಪೆಯ ಮೇಲಿನ ಸಾಲಿಗೇ ಕೈ ಹಾಕಿದಿರಿ. ಎರಡು ಶಾಸ್ತ್ರದ ಗಂಟುಗಳ ನಡುವಿನಿಂದ ಮೂರನೆಯದನ್ನು ಎತ್ತಿದಿರಿ. ಕೆಂಪು ಬಟ್ಟೆ, ಹತ್ತಿಯ ದಾರ, ಮೇಲೆ ಗಂಧದ ಬೊಟ್ಟು. ಬಿಚ್ಚಿದರೆ ಒಳಗೆ ಟ್ರ್ಯಾಕ್ಟರಿನ ಚಿತ್ರ! ನಾನು ಕೈ ಚಾಚಿದ್ದಕ್ಕೆ “ಕೈ ತೊಳೆದು ಬಾ, ನಿನ್ನ ಅಪ್ಪನಿಗೂ ಮೊದಲು ಅದನ್ನೇ ಹೇಳ್ತಿದ್ದದ್ದು” ಎಂದಿರಿ. ಬಾವಿಕಟ್ಟೆಯಲ್ಲಿ ಸಾಬೂನು ಹಾಕಿ ಎರಡು ಸಲ ತೊಳೆದು ಬಂದೆ.

ಆಮೇಲೆ ನೀವು ಹೇಳಿದ್ದನ್ನು ನಾನು ಜೀವ ಇರುವ ತನಕ ಮರೆಯುವುದಿಲ್ಲ. ಟ್ರ್ಯಾಕ್ಟರ್ ಬಂದು ಎರಡನೇ ವರ್ಷ. ನೀವು ಘಟ್ಟದ ಮೇಲಿನಿಂದ ಮದುವೆಯಾಗಿ ಬಂದು ಇನ್ನೂ ತುಳು ಸರಿಯಾಗಿ ಬಾರದ ಕಾಲ. ಇಪ್ಪತ್ತೆರಡರ ಅಪ್ಪ ಬಸ್ಸಿನ ಶೆಡ್ಡಿನಲ್ಲಿ ಕೆಲಸ ಕಲಿತು ಬಂದವರು, ಕಂಪೆನಿಯ ಮೆಕ್ಯಾನಿಕ್ ಬಾರದ್ದಕ್ಕೆ ಧಣಿಗಳು ಅವರನ್ನು ಕರೆಸಿದ್ದರು. ಗೇರಿನ ಹಲ್ಲಿನ ನಡುವೆ ಅಪ್ಪನ ಕೈ ಇದ್ದದ್ದು ನೋಡದೆ ಆಗಿನ ಡ್ರೈವರ್ ಹ್ಯಾಂಡಲ್ ತಿರುಗಿಸಿದ. ಮೂಡುಬಿದಿರೆಗೆ ಜೀಪಿನಲ್ಲಿ ಕರೆದುಕೊಂಡು ಹೋದರೂ ಬೆರಳು ಅರ್ಧವೇ ಉಳಿಯಿತು. ಮರುದಿನ ನೀವು ಕಪಾಟು ತೆರೆದು ಈ ಇಂಗ್ಲಿಷ್ ಪುಸ್ತಕ ಬಿಡಿಸಿದಿರಿ. ತಿರುಗಿಸುವ ಮೊದಲು ಕೈ ಹೊರಗಿರಲಿ ಎಂದು ಎಂಬತ್ತನಾಲ್ಕನೇ ಪುಟದಲ್ಲಿ ಅಚ್ಚಾಗಿತ್ತು. ಇಷ್ಟನ್ನು ಹೇಳಿ ನೀವು ಇನ್ನೊಂದು ಗಂಟಿಗೆ ದಾರ ಸುತ್ತಿದಿರಿ. ಮತ್ತೆ ಅಂದಿರಿ: “ಈ ಮನೆಯಲ್ಲಿ ಇಂಗ್ಲಿಷ್ ಓದ್ಲಿಕ್ಕೆ ಬರ್ತಿದ್ದದ್ದು ನನಗೊಬ್ಬಳಿಗೆ. ನಾನು ಓದಿರಲಿಲ್ಲ.”

ಗಾಯ ಮಾಗಿ ಅಪ್ಪ ತಿರುಗಿ ಬಂದಾಗ ನೀವು ಪುಸ್ತಕ ಹಿಡಿದು ಕೊಟ್ಟಿಗೆಯ ಬಾಗಿಲಲ್ಲಿ ಕೂತಿರಂತೆ. ನಾನು ಓದ್ತೇನೆ, ನೀನು ಮಾಡು, ನಿಲ್ಲು ಅಂದಲ್ಲಿ ನಿಲ್ಲಬೇಕು ಎಂದಿರಂತೆ. ಹೊಸ ಸೊಸೆ ಮೆಕ್ಯಾನಿಕನ ಎದುರು ಒಬ್ಬಳೇ ಕೂರುವುದು ಸರಿಯಲ್ಲವೆಂದು ನಿಮ್ಮ ಅತ್ತೆಯೂ ಎಲೆ ಅಡಿಕೆಯ ತಟ್ಟೆ ಹಿಡಿದು ಪಕ್ಕದಲ್ಲಿ ಕೂತರಂತೆ. ನೀವು ಇಂಗ್ಲಿಷ್ ನೋಡಿ ಕನ್ನಡದಲ್ಲಿ ಹೇಳುವುದು, ಅಪ್ಪ ಕೈಮುಗಿದುಕೊಂಡ ಹಾಗೆ ನಿಂತು ಕೇಳುವುದು, ಮತ್ತೆ ಕೆಲಸ. ಹೀಗೆ ವರ್ಷಗಟ್ಟಲೆ ನಡೆಯಿತಂತೆ. ಇದನ್ನೆಲ್ಲ ಕೇಳಿ ಕೇಳಿ ಯಾವುದೋ ಪುರಾಣವೆಂದುಕೊಂಡ ಅತ್ತೆ ಒಂದು ಶ್ರುತಪಂಚಮಿಗೆ ಈ ಪುಸ್ತಕವನ್ನೂ ಬಟ್ಟೆ ಸುತ್ತಿ ಪೂಜೆಗೆ ಇಟ್ಟರು. ಇದು ಟ್ರ್ಯಾಕ್ಟರಿನದು ಅತ್ತೆ ಎಂದು ನೀವು ನಗುತ್ತ ಹೇಳಿದಾಗ ಅವರು ಗಂಟು ಬಿಚ್ಚಲಿಲ್ಲವಂತೆ: “ಇರಲಿ ಬಿಡು. ಒಬ್ಬನಿಗೆ ಕೈ ಉಳಿಸಿಕೊಳ್ಳಲಿಕ್ಕೆ ಕಲಿಸಿತಲ್ಲ, ಅಲ್ಲೇ ಇರಲಿ.” ಅಂದಿನಿಂದ ಅದಕ್ಕೆ ಪ್ರತಿ ವರ್ಷ ಹೊಸ ಬಟ್ಟೆ. ಗೆದ್ದಲು ಮುಟ್ಟದೆ, ಹುಳ ಹಿಡಿಯದೆ ಅದು ಉಳಿದದ್ದು ಆ ಅಜ್ಜಿಯ ತಪ್ಪಿನಿಂದ. ಅವರಿಗೂ ನನ್ನ ನಮಸ್ಕಾರ.

ಪುಸ್ತಕ ನನ್ನ ಕೈಗೆ ಕೊಡುತ್ತೀರೆಂದುಕೊಂಡಿದ್ದೆ. ನೀವು ಕನ್ನಡಕ ಹಾಕಿಕೊಂಡು ಕೊಟ್ಟಿಗೆಗೇ ಬಂದಿರಿ. ಪ್ರಭಾಚಂದ್ರಣ್ಣ ನಿಮಗೊಂದು ಕುರ್ಚಿ ಹಾಕಿ ಹ್ಯಾಂಡಲ್ ಹಿಡಿದು ನಿಂತರು. ನೀವು ಓದತೊಡಗಿದಿರಿ. ಮೊದಲನೆಯ ಗೇರಿನ ಒಳಗಿನ ಚುಕ್ಕೆಯನ್ನು ಎರಡನೆಯ ಗೇರಿನ ಹೊರಗಿನ ಚುಕ್ಕೆಯ ಎದುರಿಗೆ ತರತಕ್ಕದ್ದು. ಆ ‘ತಕ್ಕದ್ದು’ ಕಿವಿಗೆ ಬಿದ್ದದ್ದೇ ನಾನು ತಲೆ ಎತ್ತಿದೆ. ಅಪ್ಪನ ಕನ್ನಡ! ಸ್ವರ ಮಾತ್ರ ನಿಮ್ಮದು. ಚುಕ್ಕೆಗಳು ಕೂಡಿದವು, ಗೇರು ಕೂತಿತು, ನನ್ನ ಎರಡು ಬೆರಳು ಇನ್ನೂ ಹಲ್ಲಿನ ಪಕ್ಕದಲ್ಲಿದ್ದವು. ಆಗ ನೀವು ಪುಟದಿಂದ ಕಣ್ಣೆತ್ತದೆ ಓದಿದಿರಿ: “ನಿಲ್ಲು. ಕೈ ಹೊರಗೆ. ಬೆರಳು ಎಣಿಸಿಕೋ.”

ನಾನು ಯೋಚಿಸುವ ಮೊದಲೇ ನನ್ನ ಕೈ ಹೊರಗೆ ಬಂದಿತ್ತು ಅಮ್ಮ. ಬಾಯಿ ಒಂದು, ಎರಡು ಎಂದು ಎಣಿಸುತ್ತಿತ್ತು. ಪ್ರಭಾಚಂದ್ರಣ್ಣ ಬಿಟ್ಟ ಕಣ್ಣಿನಿಂದ ನನ್ನನ್ನೇ ನೋಡುತ್ತಿದ್ದರು. ನಾನು ಎದ್ದು ಬಂದು ನಿಮ್ಮ ಭುಜದ ಹಿಂದಿನಿಂದ ಪುಟ ನೋಡಿದೆ. ಇಂಗ್ಲಿಷಿನಲ್ಲಿ ಬೆರಳು ಎಣಿಸುವ ಮಾತೇ ಇಲ್ಲ. ಅದು ಅಂಚಿನಲ್ಲಿ ಪೆನ್ಸಿಲಿನಿಂದ ಬರೆದ ಕನ್ನಡ, ನಿಮ್ಮ ಅಕ್ಷರ. ಎಂಬತ್ತನಾಲ್ಕರಲ್ಲಿ ಮಾತ್ರವಲ್ಲ, ಆಮೇಲೆ ನಾನು ಮನೆಯಲ್ಲಿ ಲೆಕ್ಕ ಮಾಡಿದೆ, ಆ ಮೂರು ಮಾತನ್ನು ಇಪ್ಪತ್ತಮೂರು ಕಡೆ ಬರೆದಿದ್ದೀರಿ. ಎಲ್ಲೆಲ್ಲಿ ಏನಾದರೂ ತಿರುಗಬೇಕೋ ಅಲ್ಲೆಲ್ಲ.

ಮುಂದಿನದು ನಿಮಗೇ ಗೊತ್ತು. ಕೈಯಲ್ಲಿ ಎರಡು ಸುತ್ತು, ಎಲ್ಲೂ ತಾಗಲಿಲ್ಲ. ಮುಚ್ಚಳ ಹಾಕಿ ಸ್ಟಾರ್ಟ್ ಮಾಡಿದಾಗ ಮೊದಲು ಕೆಮ್ಮಿತು, ಬಿಳಿ ಹೊಗೆ ಬಿಟ್ಟಿತು, ಆಮೇಲೆ ಅದರ ಹಳೆಯ ಚಾಳಿಯಂತೆ ಸದ್ದು ಹಿಡಿಯಿತು. ಪ್ರಭಾಚಂದ್ರಣ್ಣ ಅಲ್ಲಿಂದಲೇ ಗುಜರಿಯವರಿಗೆ ಫೋನ್ ಮಾಡಿ ಬರಬೇಡಿ ಎಂದರು. ಆಗಲೇ ನೀವು ಆ ಪ್ರಶ್ನೆ ಕೇಳಿದ್ದು, ನಾನು ಬಾಯಿಗೆ ಬಂದದ್ದನ್ನು ಹೇಳಿದ್ದು. ಕತ್ತಲಾಗುವ ಮೊದಲು ನಿಮ್ಮೊಡನೆ ಊಟ ಮಾಡಿಸಿ, ಪುಸ್ತಕವನ್ನು ಹಕೀಮನಿಗೊಮ್ಮೆ ತೋರಿಸು ಎಂದು ನನ್ನ ಕೈಗಿತ್ತಿರಿ.

ಮನೆಗೆ ಬಂದ ಮರುದಿನ, ಭಾನುವಾರ ಬೆಳಿಗ್ಗೆ, ಅಪ್ಪನನ್ನು ಗೋಡೆಗೆ ಒರಗಿಸಿ ಕೂರಿಸಿ, ಕೈ ತೊಳೆದು ಬಂದು ಪುಸ್ತಕ ಬಿಚ್ಚಿದೆ. ನೋಡಿದ ಕೂಡಲೇ ಎಡಗೈಯನ್ನು ಎದೆಗೆ ತಂದುಕೊಂಡರು. ಎಂಬತ್ತನಾಲ್ಕನೇ ಪುಟವನ್ನು ನಿಮ್ಮ ಹಾಗೆಯೇ ಓದತೊಡಗಿದೆ. ಇಂಗ್ಲಿಷ್ ಅಷ್ಟಾಗಿ ಬಾರದ ನನಗೆ ಸಾಲುಸಾಲಿನ ಪಕ್ಕ ಅಂಚಿನಲ್ಲಿ ನೀವು ಬರೆದಿಟ್ಟ ಕನ್ನಡ ಅರ್ಥವೇ ಗತಿ. ಬೇಕೆಂದೇ ಪೆನ್ಸಿಲಿನ ಆ ಮೂರು ಮಾತನ್ನು ಬಿಟ್ಟು ಮುಂದಿನ ಸಾಲಿಗೆ ಹೋದೆ. ಅಪ್ಪ ಮಂಚಕ್ಕೆ ಬಡಿದರು. ಮತ್ತೆ ಓದಿದೆ, ಮತ್ತೆ ಬಿಟ್ಟೆ. ಮತ್ತೆ ಬಡಿದರು, ಈ ಸಲ ಸಿಟ್ಟಿನಿಂದ. ಅಡುಗೆಮನೆಯಿಂದ ನನ್ನ ಹೆಂಡತಿ ರಶೀನಾ ಓಡಿ ಬಂದಳು. ಅವರಿಗೆ ಒಂದಕ್ಷರವೂ ಮರೆತುಹೋಗಿಲ್ಲ ಅಮ್ಮ, ಹೊರಗೆ ಬರುವ ದಾರಿಯೊಂದೇ ಮುಚ್ಚಿದೆ.

ಆಗ ನಿಮ್ಮ ಪ್ರಶ್ನೆಯನ್ನು ನೀವು ಕೇಳಿದ ಹಾಗೆಯೇ ಕೇಳಿದೆ. ನಾರಾವಿಯ ಅಮ್ಮ ಕೇಳಿದ್ದಾರೆ, ಬೆರಳು ಹೋದ ದಿನ ಪುಸ್ತಕ ಕಪಾಟಿನಲ್ಲಿತ್ತಂತೆ, ಅವರು ಓದಿರಲಿಲ್ಲವಂತೆ, ನಿಮಗೆ ಅವರ ಮೇಲೆ ಬೇಸರ ಉಂಟಾ ಎಂದೆ. ಅಪ್ಪ ಎಡಗೈಯಿಂದ ಪುಸ್ತಕ ಮುಚ್ಚಿದರು. ಮತ್ತೆ ನನ್ನ ಬಲಗೈಯನ್ನು ಎಳೆದು ತಮ್ಮ ಮಡಿಲಲ್ಲಿಟ್ಟುಕೊಂಡು, ಆ ಅರ್ಧ ಬೆರಳಿನಿಂದ ನನ್ನ ಹೆಬ್ಬೆರಳನ್ನು ಮುಟ್ಟಿದರು. ಆಮೇಲೆ ತೋರುಬೆರಳು. ಆಮೇಲೆ ನಡುವಿನದು. ಐದೂ ಮುಗಿದ ಮೇಲೆ ಇನ್ನೊಂದು ಕೈ ಕೊಡು ಎಂಬಂತೆ ಕಣ್ಣು ಮಾಡಿದರು. ಹತ್ತನೆಯದನ್ನು ಮುಟ್ಟಿ, ನನ್ನ ಎರಡೂ ಕೈಗಳನ್ನು ಪುಸ್ತಕದ ಮೇಲೆ ಇಟ್ಟು, ಅದರ ಮೇಲೆ ತಮ್ಮ ಕೈ ಇಟ್ಟು ಒತ್ತಿ ಹಿಡಿದರು. ನಗುತ್ತಿದ್ದರು. ಲಕ್ವ ಹೊಡೆದ ಮೇಲೆ ಅವರ ನಗು ಒಂದು ಬದಿಗೆ ಮಾತ್ರ ಬರುತ್ತದೆ, ಆದರೆ ಅದು ನಗುವೇ. ರಶೀನಾ ಸಾಕ್ಷಿ.

ಇದು ಅಪ್ಪನ ಉತ್ತರ. ಗಿರಾಕಿಗೆ ಹೇಳುವ ಮಾತಲ್ಲ, ನಾನೊಂದೂ ಸೇರಿಸಿಲ್ಲ. ನನ್ನ ಕಡೆಯಿಂದ ಹೇಳುವುದಿದ್ದರೆ ಇಷ್ಟೇ: ಇಪ್ಪತ್ತೈದು ವರ್ಷದಿಂದ ನಾನು ಈ ಕೆಲಸದಲ್ಲಿದ್ದೇನೆ. ನಮ್ಮ ಕಸುಬಿನಲ್ಲಿ ಈ ವಯಸ್ಸಿಗೆ ಎಲ್ಲ ಬೆರಳೂ ಉಳಿಸಿಕೊಂಡವರು ಕಡಿಮೆ. ಅಪ್ಪ ನನ್ನ ಕೈ ಕಾದರು ಎಂದುಕೊಂಡಿದ್ದೆ. ನೀವೂ ಕಾದಿರಿ ಎಂಬುದು ಈಗ ಗೊತ್ತಾಯಿತು. ನೀವು ಓದದೆ ಹೋದ ಒಂದು ದಿನವನ್ನು ಇಷ್ಟು ವರ್ಷ ಹೊತ್ತುಕೊಂಡಿದ್ದೀರಿ, ಓದಿದ ಉಳಿದ ದಿನಗಳನ್ನೂ ಒಮ್ಮೆ ನೆನೆದುಕೊಳ್ಳಿ. ಇನ್ನು ಆ ಭಾರ ಇಳಿಸಿಬಿಡಿ ಅಮ್ಮ.

ಪುಸ್ತಕಕ್ಕೆ ಸುತ್ತಿದ ಬಟ್ಟೆ ರಶೀನಾ ಹೊಲಿದದ್ದು. ನಿಮ್ಮ ಮನೆಗೆ ತಿನ್ನುವ ವಸ್ತು ಕಳಿಸಲು ಅವಳಿಗೆ ಧೈರ್ಯ ಸಾಲಲಿಲ್ಲ, ಯಾವುದು ನಡೆಯುತ್ತದೆ ಯಾವುದು ಇಲ್ಲ ಎಂದು ಗೊತ್ತಿಲ್ಲ. ಬಟ್ಟೆ ಹೊಸದು, ಅಂಚನ್ನು ಕೈಯಲ್ಲೇ ಹೊಲಿದಿದ್ದಾಳೆ. ಮುಂದಿನ ಶ್ರುತಪಂಚಮಿಗೆ ಬೇರೆ ಬಟ್ಟೆ ನಮ್ಮ ಮನೆಯಿಂದಲೇ ಬರುತ್ತದೆ, ನಾನೇ ತರುತ್ತೇನೆ. ಎಂಬತ್ತನಾಲ್ಕನೇ ಪುಟದಲ್ಲಿ ಎಣ್ಣೆಯ ಹೆಬ್ಬೆರಳಿನ ಗುರುತೊಂದಿದೆ. ಅದು ನನ್ನದಲ್ಲ, ಅಪ್ಪನದ್ದು, ಹಳೆಯದು. ಒರೆಸಲು ಮನಸ್ಸಾಗಲಿಲ್ಲ. ಮತ್ತೆ ಇನ್ನೊಂದು ಮಾತು. ಇನ್ನು ಮುಂದೆ ನಾನು ಎಂದಾದರೂ “ಪಾರ್ಟು ಬರ್ಲಿಕ್ಕೆ ಉಂಟು” ಎಂದರೆ, ನನ್ನ ಮರ್ಯಾದೆ ನೋಡಬೇಡಿ, ಸೀದಾ ಒಳಗೆ ಹೋಗಿ ಪುಸ್ತಕ ತೆಗೆದುಕೊಂಡು ಬನ್ನಿ.

ಗದ್ದೆಯ ಪೈರು ಚೆನ್ನಾಗಿ ಬರಲಿ. ಸಣ್ಣ ಅಕ್ಷರ ಓದುವ ನಿಮ್ಮ ಕಣ್ಣುಗಳನ್ನು ದೇವರು ಇನ್ನೂ ಬಹಳ ವರ್ಷ ಕಾಪಾಡಲಿ. ಐದು ಹೊತ್ತೂ ಅಪ್ಪನ ಪರವಾಗಿ ನಾನೇ ಬೇಡಿಕೊಳ್ಳುತ್ತಿದ್ದೇನೆ.

ಹತ್ತೂ ಬೆರಳು ಜೋಡಿಸಿ ನಮಸ್ಕರಿಸುವ,
ನಿಮ್ಮ ಹಕೀಮನ ಮಗ
ಇಮ್ತಿಯಾಝ್